ಕಿವಿ ಮುಟ್ಟುವ ಸನ್ನೆ

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ. ಫೈನಲ್‌ನಲ್ಲಿ ನಮ್ಮ ಕಾಲೇಜಿನವರು ನಿನ್ನ ಸನ್ನೆಗಳನ್ನು ಕದ್ದು ಗೆದ್ದರು ಎಂದು ನೀನು ಸಾಫ್ಟ್‌ಬಾಲ್ ಸಂಘಕ್ಕೆ ಕೊಟ್ಟ ದೂರು ನನ್ನ ಕೈ ಸೇರಿದೆ. ಓದಿ ಮೈಯೆಲ್ಲ ಉರಿಯಿತು.

ಇಲ್ಲಿ ಕೋಚ್ ಆಗಿದ್ದವಳು ನೀನು. ದೊಡ್ಡ ಕಾಲೇಜು ಕರೆದ ಕೂಡಲೇ ಆಡುವವರನ್ನೆಲ್ಲ ಬಾಚಿಕೊಂಡು ಹೋದೆ. ಕ್ಯಾಚರ್ ಮುಖಕ್ಕೆ ಹಾಕುವ ಮಾಸ್ಕನ್ನೂ ಬಿಡಲಿಲ್ಲ. ಹೋಗುವಾಗ "ನಿನ್ ಕೈಲಿ ಟೀಮ್ ಕಟ್ಟೋಕಾಗಲ್ಲ ಕಣೇ, ಸುಮ್ನೆ ಪಾಠ ಮಾಡ್ಕೊಂಡಿರು" ಅಂದೆ. ಬ್ಯಾಟ್ ಹಿಡಿದೇ ಗೊತ್ತಿಲ್ಲದ ಹುಡುಗಿಯರನ್ನು ಹಾಸ್ಟೆಲಿನಿಂದ ಎಬ್ಬಿಸಿ ತಂದು ನಾನು ಕಟ್ಟಿದೆ. ನಮ್ಮ ಪಿಚರ್ ಮೊದಮೊದಲು ಎಸೆದ ಚೆಂಡುಗಳು ಪ್ರಿನ್ಸಿಪಾಲರ ಕಾರಿಗೇ ಹೆಚ್ಚು ಬಿದ್ದವು.

ಇನ್ನು ಕಳ್ಳತನದ ಮಾತು. ಬ್ಯಾಟ್ ಹಿಡಿದು ನಿಂತ ನಿನ್ನ ಹುಡುಗಿಗೆ ಈ ಚೆಂಡಿಗೆ ಬೀಸಬೇಡ ಎನ್ನಲು ನೀನು ಈಗಲೂ ಎಡಗಿವಿ ಮುಟ್ಟುತ್ತೀಯ. ಚಿಕ್ಕಂದಿನಲ್ಲಿ ಅಪ್ಪ ಸಿಟ್ಟಿನಲ್ಲಿ ಊಟಕ್ಕೆ ಕೂತಾಗ, ಬಾಯಿ ಬಿಡಬೇಡ ಎಂದು ಮೇಜಿನ ಆಚೆಯಿಂದ ನನಗೆ ಮಾಡುತ್ತಿದ್ದ ಸನ್ನೆಯೂ ಅದೇ ಅಲ್ಲವೇ? ನಾನದನ್ನು ಕದಿಯಬೇಕಿತ್ತೇ? ನೀನು ಕಿವಿ ಮುಟ್ಟಿದಾಗಲೆಲ್ಲ ನಮ್ಮ ಪಿಚರಿಗೆ "ನೇರ ಹಾಕೇ, ಅವಳು ಹೊಡಿಯಲ್ಲ" ಅಂದೆ. ಅಷ್ಟೇ.

ದೂರು ವಾಪಸ್ ತಗೋ. ಮಾಸ್ಕ್ ಕಳಿಸಿಕೊಡು. ಭಾನುವಾರ ಅಮ್ಮ ಇಬ್ಬರನ್ನೂ ಊಟಕ್ಕೆ ಕರೆದಿದ್ದಾಳೆ. ನಾನು ಬರುತ್ತೇನೆ, ನೀನು ಬರೆದ ದೂರನ್ನು ಅಪ್ಪನ ಮುಂದೆ ಗಟ್ಟಿಯಾಗಿ ಓದುತ್ತೇನೆ. ಆಗ ನೀನು ಎರಡೂ ಕಿವಿ ಹಿಡಿದುಕೊಂಡರೂ ನಾನು ಬಾಯಿ ಮುಚ್ಚುವುದಿಲ್ಲ.

ದೂರಿನಲ್ಲಿ ನೀನು "ಎದುರಾಳಿ ಕೋಚ್" ಎಂದು ಬರೆದಿರುವ,
ನಿನ್ನ ತಂಗಿ