ಪುಟ್ಟಣ್ಣ ಮನೆ ಬದಲಿಸಿದ್ದು

ಫ್ಲೂಗರ್‌ವಿಲ್
ಮಂಗಳವಾರ, ೧೧ ಮಾರ್ಚ್ ೨೦೦೩

ನನ್ನ ಮುದ್ದು ಅಭಿ,

ಮದುವೆಯಾಗಿ ಇವತ್ತಿಗೆ ನೂರು ದಿನ, ಗಂಡನಿಗೆ ನನ್ನ ಮೊದಲ ಪತ್ರ! ಅದೂ ಕನ್ನಡದಲ್ಲಿ. ಕಾನ್ವೆಂಟಿನಲ್ಲಿ ಓದಿದವಳು, ಒತ್ತಕ್ಷರ ತಪ್ಪಿದ್ದರೆ ನಗಬೇಡ. ಇಂಗ್ಲಿಷಿನಲ್ಲಿ ಸಾರಿ ಎನ್ನುವುದು ತೀರಾ ಸಲೀಸು; ಅಂಗಡಿಯಲ್ಲಿ ಯಾರಿಗಾದರೂ ಭುಜ ತಾಗಿದರೂ ಹೇಳುತ್ತೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಗು ಬಂದುಬಿಡುತ್ತದೆ. ಅದಕ್ಕೇ ನಿನ್ನ ಡಲ್ಲಾಸ್ ಹೋಟೆಲಿಗೆ ಬರೆಯುತ್ತಿದ್ದೇನೆ. ಶುಕ್ರವಾರ ಅಲ್ಲಿಂದ ಹೊರಡುವ ಮೊದಲೇ ನೀನಿದನ್ನು ಓದಬೇಕು.

ಪುಟ್ಟಣ್ಣ ವಯಸ್ಸಾಗಿ ಸಾಯಲಿಲ್ಲ. ನನ್ನಿಂದ ಸತ್ತ.

ಸರಿ, ಹೇಳಿಬಿಟ್ಟೆ.

ನೀನು ಅವನನ್ನು ಪರಿಚಯ ಮಾಡಿಸಿದ ದಿನ ನೆನಪಿದೆ. ಹೆಬ್ಬೆರಳ ಗೆಣ್ಣಿನಷ್ಟು ಕಪ್ಪೆ, ಕಾಂಗೋ ಕಾಡಿನ ಕೊಳಗಳ ಕುಲ, ನಾಲಿಗೆಯೇ ಇಲ್ಲ, ತಿಂಡಿಯನ್ನು ಮುಂಗೈಗಳಿಂದ ಬಾಯಿಗೆ ತುರುಕಿಕೊಳ್ಳುತ್ತಾನೆ ಎಂದೆಲ್ಲ ಹೇಳಿದೆ. ನಾನು ನೋಡದ ನನ್ನ ಅತ್ತೆ ಮಿಸೌರಿ ಸಿಟಿಯ ಮನೆಯಲ್ಲಿ ಆರು ತಿಂಗಳು ಇದ್ದಾಗ ತಂದು ಸಾಕಿದ್ದಂತೆ, ಇವನು ನನ್ನ ಎರಡನೇ ಮಗ ಎನ್ನುತ್ತಿದ್ದರಂತೆ. ಅವರು ಮೈಸೂರಿಗೆ ಮರಳಿ ತೀರಿಕೊಂಡ ಮೇಲೂ ಸಂಜೆ ಆರಕ್ಕೆ ತೊಟ್ಟಿಯ ಗಾಜಿನ ಹತ್ತಿರ ಬಂದು ಅವರಿಗಾಗಿ ಕಾಯುತ್ತಿದ್ದ ಎನ್ನುವಾಗ ನೀನು ಬೇರೆ ಕಡೆ ನೋಡಿದೆ. ಹಾಗಾದರೆ ನನಗೆ ಮೈದುನನಾಗಬೇಕು ಎಂದೆ. ಅತ್ತೆಯ ಮಾತು ಬಂದಾಗ ನೀನು ನಕ್ಕದ್ದು ಅದೊಂದೇ ಸಲ.

ಮಿಸೌರಿ ಸಿಟಿಯಿಂದ ಈ ಹೊಸ ಮನೆಗೆ ಬಂದ ಶನಿವಾರ ನೀನು ಸಾಮಾನಿನ ಟ್ರಕ್ಕಿನಲ್ಲಿ ಹಿಂದೆ, ನಾನು ನೆರವಿಗೆ ಬಂದಿದ್ದ ಉಷಾ ಆಂಟಿ, ಸತ್ಯಪ್ರಕಾಶ ಅಂಕಲ್ ಜೊತೆ ಅವರ ಕಾರಿನಲ್ಲಿ ಮುಂದೆ. ಪುಟ್ಟಣ್ಣ ನನ್ನ ಮಡಿಲಲ್ಲಿ, ಹಾರ್ಲಿಕ್ಸ್ ಬಾಟಲಿಯೊಳಗೆ. ಅರ್ಧ ನೀರಿದ್ದರೆ ಕುಲುಕಾಟಕ್ಕೆ ಗಾಜಿಗೆ ಬಡಿದುಕೊಳ್ಳುತ್ತಾನೆ ಎನ್ನಿಸಿತು. ತುಂಬಿದ ಕೊಡ ತುಳುಕುವುದಿಲ್ಲ. ನನಗೆ ಬರುವ ನಾಲ್ಕೇ ಗಾದೆಗಳಲ್ಲಿ ಅದೊಂದು. ಬಾಯಿಮಟ್ಟ ತುಂಬಿಸಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ ಬಿಗಿದೆ. ಒಂದು ಹನಿಯೂ ತುಳುಕಲಿಲ್ಲ, ಅಭಿ. ಎಷ್ಟು ಹೆಮ್ಮೆಯಾಗಿತ್ತು.

ಅವನಿಗೆ ಮೀನಿನ ಹಾಗೆ ಕಿವಿರಿಲ್ಲ. ಬದುಕೆಲ್ಲ ನೀರಿನಲ್ಲೇ ಕಳೆದರೂ ಉಸಿರಿಗೆ ಮಾತ್ರ ಮೇಲೆ ಬರಬೇಕು. ನನಗೆ ಗೊತ್ತಿರಲಿಲ್ಲ.

ದಾರಿಯ ಊರು ಕೊಲಂಬಸ್ ದಾಟಿದ ಮೇಲೆ ಆಂಟಿ ತಿರುಗಿ ನೋಡಿ, “ಏನಮ್ಮ ಶ್ರೀಜಾ, ನಿನ್ನ ಮೈದುನ ಮುಚ್ಚಳಕ್ಕೆ ಮೂತಿ ಒತ್ಕೊಂಡು ಕುಣೀತಾ ಇದಾನೆ” ಎಂದರು.

“ಹೊಸ ಮನೆ ಅಂತ ಖುಷಿ ಆಂಟಿ” ಎಂದೆ.

ಅಣ್ಣ ತನ್ನ ಮದುವೆ ರಿಸೆಪ್ಶನ್ನಿನಲ್ಲೂ ಕೈಕಟ್ಟಿ ನಿಂತಿದ್ದ, ತಮ್ಮನಾದರೂ ಡ್ಯಾನ್ಸ್ ಮಾಡಲಿ ಬಿಡು ಎಂದು ಅಂಕಲ್ ರೇಗಿಸಿದರು. ಮೂವರೂ ನಕ್ಕೆವು.

ಇಲ್ಲಿ ಇಳಿದಾಗ ಅವನು ತಳದಲ್ಲಿ ಕೈಕಾಲು ಚೆಲ್ಲಿ ಬಿದ್ದಿದ್ದ. ನಿನ್ನ ಟ್ರಕ್ ಬರುವಷ್ಟರಲ್ಲಿ ಅರ್ಧ ನೀರು ಸಿಂಕಿಗೆ ಸುರಿದಿದ್ದೆ. ನೀನು ತುಂಬಾ ಹೊತ್ತು ನೋಡಿ, “ವಯಸ್ಸಾಗಿತ್ತು ಬಿಡು. ನೀನು ಅಷ್ಟು ಜೋಪಾನ ಮಾಡಿದೀಯಲ್ಲ” ಎಂದೆ. ನಾನು ಹೂಂ ಎಂದೆ.

ಅವತ್ತಿನಿಂದ ಅಳು ಬಂದಿಲ್ಲ. ಪೆಟ್ಟಿಗೆ ಬಿಚ್ಚುತ್ತೇನೆ, ಚಿತ್ರಾನ್ನ ಮಾಡುತ್ತೇನೆ, ಉಪ್ಪು ಬಿದ್ದಿದೆಯೋ ಇಲ್ಲವೋ ತಿನ್ನುವಾಗಲೂ ತಿಳಿಯುವುದಿಲ್ಲ. ಅಮ್ಮನಿಗೆ ಫೋನಿನಲ್ಲಿ ಎಲ್ಲ ಸೂಪರ್ ಎಂದೆ. ನನ್ನ ದನಿಯೇ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸಿತು.

ಅಂಥದೇ ಕಪ್ಪೆ ಅಂಗಡಿಯಲ್ಲಿದೆ, ಶುಕ್ರವಾರ ನಿನಗೋಸ್ಕರ ತರುತ್ತೇನೆ ಎಂದು ನಿನ್ನೆ ಹೇಳಿದೆಯಲ್ಲ, ತರಬೇಡ. ನಿನ್ನ ಅಮ್ಮ ಬಿಟ್ಟುಹೋದ ಜೀವವನ್ನು ಕೊಂದವಳಿಗೆ ಯಾರೂ ಉಡುಗೊರೆ ತರುವುದಿಲ್ಲ. ಮೊದಲು ನನ್ನ ಮೇಲೆ ಸಿಟ್ಟಾಗು. ನಿನ್ನ ಸಿಟ್ಟು ಹೇಗಿರುತ್ತದೋ ನಾನಿನ್ನೂ ನೋಡಿಲ್ಲ. ಇದನ್ನು ಓದಿದ ಮೇಲೂ ಮನೆಗೆ ಬರಬೇಕು ಅನ್ನಿಸಿದರೆ ಮಾತ್ರ ಫೋನ್ ಮಾಡು. ನಾನಾಗಿ ಮಾಡುವುದಿಲ್ಲ.

ಇನ್ನೂ ನಿನ್ನವಳೇ ಎಂದುಕೊಂಡಿರುವ,
ಶ್ರೀಜಾ

ಮರೆತದ್ದಲ್ಲ, ಬಿಟ್ಟದ್ದು: ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಉಸಿರಿನ ವಿಷಯ ನೀನು ಮೊದಲ ವಾರವೇ ಹೇಳಿದ್ದೆ. ಕುಣೀತಾ ಇದಾನೆ ಎಂದು ಆಂಟಿ ಅಂದಾಗಲೇ ನೆನಪಾಯಿತು. ಮುಚ್ಚಳ ತೆಗೆದರೆ ಅವರ ಹೊಸ ಕಾರಿನ ಸೀಟು ಒದ್ದೆಯಾಗುತ್ತಿತ್ತು. ನಿಲ್ಲಿಸಿ ಎನ್ನಲು ಸಂಕೋಚ. ಮುಂದಿನ ಊರು ಲಾ ಗ್ರೇಂಜಿನ ಗ್ಯಾಸ್ ಸ್ಟೇಷನ್ನಿನಲ್ಲಿ ತೆಗೆದರಾಯಿತು ಎಂದುಕೊಂಡೆ. ಅಂಕಲ್ ಅಲ್ಲಿ ನಿಲ್ಲಿಸಲಿಲ್ಲ. ನಾನು ಬಾಟಲಿಯ ಮೇಲೆ ದುಪಟ್ಟಾ ಹೊದಿಸಿ ಕುಳಿತೆ.