ಅವ್ವ ಹಾಡಿ ಅತ್ತದ್ದು

ಶಕ್ತಿನಗರ,
೯ ಫೆಬ್ರುವರಿ ೧೯೮೮

ಪ್ರೀತಿಯ ತಮ್ಮ ಹಂಪಯ್ಯನಿಗೆ ಅಕ್ಕ ಬೂದೆಮ್ಮನ ಆಶೀರ್ವಾದಗಳು.

ಹೇಗಿದ್ದೀಯ? ಹೊಟ್ಟೆಯುರಿ ಕಡಿಮೆಯಾಯಿತೆ? ಹೊತ್ತಿಗೆ ಸರಿಯಾಗಿ ಉಣ್ಣು, ಬರೀ ಚಹಾ ಕುಡಿದು ದಿನ ದೂಡಬೇಡ. ನಿನ್ನ ಭಾವನವರಿಗೆ ಕರೆಂಟಿನ ಪ್ಲಾಂಟಿನಲ್ಲಿ ಈ ತಿಂಗಳು ಹಗಲು ಪಾಳಿ. ಅವ್ವ ಎರಡು ತಿಂಗಳಿಂದ ದೇವದುರ್ಗದ ಮನೆಗೆ ಬೀಗ ಹಾಕಿ ನನ್ನ ಹತ್ತಿರವೇ ಇದ್ದಾಳೆ. ದಮ್ಮು ಜಾಸ್ತಿಯಾಗಿದೆ, ರಾಯಚೂರಿನ ದವಾಖಾನೆಗೆ ಎರಡು ಸಲ ತೋರಿಸಿದೆವು. ಕೇಳಬೇಕಾದದ್ದು ಕೇಳಿದೆ, ಹೇಳಬೇಕಾದದ್ದು ಹೇಳಿದೆ. ಇನ್ನು ನನ್ನ ಹೊಟ್ಟೆಯೊಳಗಿನದು ಕೇಳು.

ನೀನು ದೊಡ್ಡ ಮನುಷ್ಯನಾದದ್ದು ನನಗೆ ಸಂತೋಷವಿಲ್ಲ ಎಂದು ತಿಳಿಯಬೇಡ. ಎಪ್ಪತ್ತೈದರಲ್ಲಿ ಮಾನ್ವಿಯ ನಾಟಕ ಕಂಪನಿಯಲ್ಲಿ ಮೊದಲ ಸಲ ಜಗಳಗಂಟಿ ಅತ್ತೆಯ ಪಾತ್ರ ಮಾಡಿದಾಗ ನೀನು ಉಟ್ಟದ್ದು ನನ್ನ ಮದುವೆಯ ಇಳಕಲ್ ಸೀರೆ. ಗಂಡಸಾಗಿ ಹುಟ್ಟಿ ಸೀರೆ ಉಡುತ್ತಾನೆಂದು ಅಪ್ಪ ಒಂದು ವಾರ ಮಾತು ಬಿಟ್ಟಿದ್ದ. ಅವ್ವ ಮಾತ್ರ ಮುಂದಿನ ಸಾಲಿನಲ್ಲಿ ಕೂತು ಸೆರಗು ಕಚ್ಚಿ ನಕ್ಕಿದ್ದಳು. ಆಮೇಲೆ ನೀನು ಎಂಟು ವರ್ಷ ಕಂಪನಿಯ ಹಿಂದೆ ಊರೂರು ತಿರುಗಿದೆ, ಬೆಂಗಳೂರು ಸೇರಿದೆ, ನೀನೇ ಬರೆದು ನೀನೇ ಆಡುವ ನಗೆನಾಟಕ ಟೀವಿಯಲ್ಲಿ ಬರತೊಡಗಿತು. ಬಸ್ಸಿನಲ್ಲಿ ಯಾರಾದರೂ ನಿನ್ನ ಮಾತು ಆಡಿ ನಕ್ಕರೆ, ಅವನು ನನ್ನ ತಮ್ಮ ಎಂದು ನಾನಾಗಿಯೇ ಹೇಳಿಕೊಳ್ಳುತ್ತಿದ್ದೆ.

ಅಪ್ಪ ತೀರಿಕೊಂಡಾಗ ನೀನು ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅವ್ವ ಹೆಣದ ಮುಂದೆ ಹಾಡಿ ಅತ್ತದ್ದನ್ನು ನೀನು ಕೇಳಲಿಲ್ಲ. ಅದನ್ನೆಲ್ಲ ಬರೆದು ಕಳಿಸು ಅಕ್ಕಾ, ಅಪ್ಪನ ನೆನಪಿಗೆ ನನ್ನ ಹತ್ತಿರ ಇರಲಿ ಎಂದು ಕಾಗದ ಹಾಕಿದೆ. ನಾನು ಅವ್ವನಿಗೆ ಓದಿ ಹೇಳಿದೆ. "ದೂರ ಇರೋ ಮಗ, ಅವನಿಗೂ ಅಪ್ಪ ಬೇಕಲ್ಲ ಬೇ" ಎಂದವಳೇ ಗೋಡೆಗೆ ಒರಗಿ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಅತ್ತಳು. ನಡುವೆ ಎರಡು ಸಲ ನೀರು ಕುಡಿಸಿದೆ. ಐದನೇ ಕ್ಲಾಸು ಕಲಿತ ಈ ಕೈಯಿಂದಲೇ ಎಲ್ಲ ಬರೆದು ಕಳಿಸಿದೆ.

ಹೋದ ತಿಂಗಳು ನಿನ್ನ ಹೊಸ ನಾಟಕ ಟೀವಿಯಲ್ಲಿ ನೋಡಲೆಂದು ಪಕ್ಕದ ಹಸೀನಾ ಬೇಗಂ ಮನೆಗೆ ಅವ್ವನನ್ನು ಕರೆದೊಯ್ದೆ. ಕೋಣೆ ತುಂಬ ಜನ. ನೀನು ವಿಧವೆಯ ವೇಷದಲ್ಲಿ ತಲೆ ಕೆದರಿಕೊಂಡು ಬಂದೆ. ಅವ್ವ ಮೊದಲು ಎಲ್ಲರಂತೆ ನಕ್ಕಳು. ಆಮೇಲೆ ನೀನು ಎದೆ ಬಡಿದುಕೊಂಡು, "ಉಪ್ಪು ಕಮ್ಮಿ ಆದ್ರ ಗಂಗಾಳ ಒಗೀತಿದ್ಯಲ್ಲೋ ನನ್ನ ರಾಜಾ, ಇನ್ನ ಯಾರ ಮ್ಯಾಲ ಒಗೀತೀಯೋ" ಎಂದೆ. ಜನ ಬಿದ್ದು ಬಿದ್ದು ನಕ್ಕರು. ಹಸೀನಾ ಬೇಗಂ ನಗುತ್ತ ಅವ್ವನ ತೊಡೆ ತಟ್ಟಿದಳು, ಪಾಪ, ಅವಳಿಗೇನು ಗೊತ್ತು. ಅವ್ವ ಅತ್ತದ್ದರಲ್ಲಿ ಒಂದು ಮಾತೂ ಬಿಡಲಿಲ್ಲವಲ್ಲೋ ನೀನು. ಅವ್ವ ಎಲ್ಲೆಲ್ಲಿ ಬಿಕ್ಕಿದಳೆಂದು ನಾನು ಕಾಗದದ ಪಕ್ಕದಲ್ಲಿ ಬರೆದಿದ್ದೆ, ನೀನೂ ಅಲ್ಲಲ್ಲೇ ಬಿಕ್ಕಿದೆ. ಇಂಥ ಮಾತು ಎಲ್ಲಿಂದ ತರುತ್ತೀರಿ ಎಂದು ವಾರಪತ್ರಿಕೆಯವರು ಕೇಳಿದರೆ ಎಲ್ಲ ನನ್ನ ತಲೆಯದೇ ಎಂದೆಯಂತೆ. ನಿನ್ನ ಭಾವನವರು ಓದಿ ಹೇಳಿದರು. ನಾಚಿಕೆಯಾಗಲಿಲ್ಲವೆ ನಿನಗೆ?

ಹದಿನೈದು ದಿನದ ಹಿಂದೆ ದೇವದುರ್ಗದಲ್ಲಿ ನಮ್ಮ ಓಣಿಯ ಗದ್ದೆಮ್ಮನ ಗಂಡ ತೀರಿಕೊಂಡ. ಓಣಿಯಲ್ಲಿ ಸಾವಾದರೆ ಮೊದಲು ದನಿ ತೆಗೆಯುವವಳು ಅವ್ವ, ಅವಳು ಶುರು ಮಾಡಿದ ಮೇಲೆಯೇ ಉಳಿದ ಹೆಂಗಸರು ಅಳುವುದು, ನಿನಗೂ ಗೊತ್ತು. ಆ ದಮ್ಮಿನಲ್ಲೂ ಬಸ್ಸು ಹತ್ತಿದಳು, ನಾನೂ ಜೊತೆಗೆ ಹೋದೆ. ಹೆಣದ ತಲೆಯ ಹತ್ತಿರ ಕೂತು ಎರಡು ಮಾತು ಹಾಡಿದ್ದಳೋ ಇಲ್ಲವೋ, ಹಿಂದೆ ಕೂತ ಹರೆಯದ ಹುಡುಗಿಯರು ಸೆರಗಿನೊಳಗೆ ಕಿಸಕ್ಕೆಂದರು. ಅವ್ವನಲ್ಲಿ ಅವರಿಗೆ ಟೀವಿಯ ನೀನು ಕಂಡಿದ್ದೆ. ಗದ್ದೆಮ್ಮನ ಮುಖ ನೋಡಲಾಗಲಿಲ್ಲ. ಅವ್ವ ಬಾಯಿ ಮುಚ್ಚಿಕೊಂಡು ಎದ್ದು ಬಂದಳು. ಬಸ್ಸಿನಲ್ಲಿ ಆಡಿದ್ದು ಒಂದೇ ಮಾತು: "ನನ್ನ ಬಾಯಿ ಅವ ಒಯ್ದ ಬೇ."

ಅದಕ್ಕೇ ಬರೆಯುತ್ತಿದ್ದೇನೆ. ಶೂಟಿಂಗು ಗೀಟಿಂಗು ಬಿಟ್ಟು ಬಾ. ಅವ್ವನ ಮುಂದೆ ಕೂತು, ತಪ್ಪಾಯಿತು ಯವ್ವಾ ಎನ್ನು. ಅಷ್ಟೇ ಸಾಕು, ಡೈಲಾಗು ಹೊಡೆಯಬೇಡ. ನಾಳೆ ನಾಡಿದ್ದು ಎಂದು ದಿನ ತಳ್ಳಬೇಡ, ಅವಳ ಉಸಿರು ನೋಡಿದರೆ ನನಗೆ ಭಯವಾಗುತ್ತದೆ.

ಎಷ್ಟು ಸಿಟ್ಟಿದ್ದರೂ ನಿನಗೆ ಕೆಟ್ಟದ್ದು ಬಯಸುವುದು ನನ್ನಿಂದಾಗದು. ನಿನ್ನ ಹೆಂಡತಿಗೂ ಕೂಸಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಕ್ಕ,
ಬೂದೆಮ್ಮ

ತಾ.ಕ.: ಇವತ್ತು ಹದಿನಾಲ್ಕು. ಕಾಗದ ಡಬ್ಬಿಗೆ ಹಾಕುವುದು ತಡವಾಯಿತು. ಅವ್ವ ಮೊನ್ನೆ ಮುಂಜಾನೆ ಹೋದಳು. ದೇವದುರ್ಗಕ್ಕೆ ಒಯ್ದು ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ನಿನ್ನ ಭಾವನವರು ನಿನಗೆ ತಂತಿ ಕೊಡಲು ಹೊರಟಿದ್ದರು, ನಾನೇ ಬೇಡವೆಂದೆ. ಓಣಿಯ ಹೆಂಗಸರೆಲ್ಲ ಬಂದು ಕೂತರು, ಮಗಳು ಶುರು ಮಾಡಲಿ ಎಂದು ನನ್ನ ಮುಖ ನೋಡಿದರು. ಮಾತು ಬಾಯಿಗೆ ಬಂದಿತ್ತು ಹಂಪಯ್ಯಾ. ನೀನು ಎಲ್ಲೋ ಕೂತು ಬರೆದುಕೊಳ್ಳುತ್ತಿದ್ದೀಯ ಅನಿಸಿ ನುಂಗಿಕೊಂಡೆ. ಅವ್ವನನ್ನು ಹಾಡಿ ಅಳದೆಯೇ ಕಳಿಸಿಕೊಟ್ಟೆವು.