ನಾನು ಕಾಣದ ಎರಡು ಬಾಟಲಿಗಳು

ಪರೇಲ್, ಮುಂಬಯಿ
ರವಿವಾರ, ೧೫ ನವೆಂಬರ್ ೧೯೫೩

ಈರಣ್ಣಾ,

ನಿನ್ನ ದೊಡ್ಡವ್ವ ರಾಚವ್ವನ ಆಶೀರ್ವಾದ. ಸಿಟ್ಟಿನಲ್ಲಿ ಬರೆದರೂ ಆಶೀರ್ವಾದ ಆಶೀರ್ವಾದವೇ, ತೆಗೆದುಕೋ. ಪರೇಡಿನಲ್ಲಿ ಬೂಟು ಕಚ್ಚಿ ಹಿಮ್ಮಡಿ ಒಡೆದಿತ್ತಲ್ಲ, ಮಾಯಿತೇ? ನಾಸಿಕದ ನಿಮ್ಮ ಪೊಲೀಸ್ ತರಬೇತಿ ಶಾಲೆಯಲ್ಲಿ ಚಳಿ ಬಿದ್ದಿರಬೇಕು. ಉಣ್ಣೆಯ ಬನಿಯನ್ನು ಹಾಕಿಕೋ, ಚೆಂದ ಕಾಣುವುದಿಲ್ಲವೆಂದು ಟ್ರಂಕಿನಲ್ಲಿ ಇಡಬೇಡ. ನನ್ನ ಮೊಣಕಾಲು ಹಾಗೇ ಇದೆ. ಖಾನಾವಳಿ ನಡೆದಿದೆ. ಗಿರಣಿಯ ಇಪ್ಪತ್ತೆರಡು ಮಂದಿ ಎರಡು ಹೊತ್ತು ಉಣ್ಣುತ್ತಾರೆ, ಜೋಳ ಚೆನ್ನಾಗಿಲ್ಲವೆಂದು ನನ್ನನ್ನೇ ಬೈಯುತ್ತಾರೆ. ಕುಶಲ ಇಷ್ಟೇ. ಇನ್ನು ನಾನು ಬೈಯುವುದು.

ಗುರುವಾರ ನಿನ್ನ ಕಾಗದ ಬಂತು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳಿಗೆ ತಿಳಿಯಲೆಂದು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದೀಯ, ಉಪಕಾರವಾಯಿತು. ಮಂಗಳವಾರ ಕೋರ್ಟಿನಲ್ಲಿ ವಾರಿಜಾಳ ಕೇಸು ಬಂದಾಗ ನೀನು ಸಹಿ ಹಾಕಿದ ಪಂಚನಾಮೆಯಲ್ಲಿ ಏನಿದೆಯೋ ಅಷ್ಟನ್ನೇ ಹೇಳು, ಮಾತು ತಿರುಗಿಸಿದರೆ ಸುಳ್ಳು ಸಾಕ್ಷಿ ಹೇಳಿದೆಯೆಂದು ನಿನ್ನನ್ನೇ ಒಳಗೆ ಹಾಕುತ್ತಾರೆ, ನನ್ನ ನೌಕರಿಗೂ ಕಲ್ಲು ಬೀಳುತ್ತದೆ ಎಂದು ಬರೆದಿದ್ದೀಯ. ನನಗೇ ಕಾನೂನಿನ ಹೆದರಿಕೆ! ನಿಮ್ಮವ್ವ ಕಾಶವ್ವ ತೀರಿಕೊಂಡಾಗ ನೀನು ನಾಲ್ಕು ವರ್ಷದವನು. ತಂಗಿಯ ಮಗನೆಂದು ಧಾರವಾಡದಿಂದ ಎತ್ತಿಕೊಂಡು ಬಂದು, ಈ ಹೊಗೆಯಲ್ಲಿ ಕೂತು ರೊಟ್ಟಿ ಬಡಿದು, ಮ್ಯಾಟ್ರಿಕ್ ಮಾಡಿಸಿದವಳು ನಾನು. ಇನ್ನೂ ಫೌಜದಾರನಾಗಿಲ್ಲ, ಆಗಲೇ ಫೌಜದಾರಿಕೆಯನ್ನು ನನ್ನ ಮೇಲೆ ತೋರಿಸುತ್ತೀಯಾ?

ಏನಾಯಿತೆಂಬುದು ನಿನಗೆ ಮರೆತಂತಿದೆ, ನೆನಪು ಮಾಡಿಕೊಡುತ್ತೇನೆ. ಚೌತಿಗೆ ನೀನು ನಾಲ್ಕು ದಿನ ರಜೆಯ ಮೇಲೆ ಬಂದಿದ್ದೆ. ಪರೀಕ್ಷೆ ಹತ್ತಿರ ಬಂತೆಂದು ನನ್ನ ಒಲೆಯ ಮುಂದೆ ಅತ್ತಿಂದಿತ್ತ ತಿರುಗುತ್ತ ಪಾಠ ಒಪ್ಪಿಸುತ್ತಿದ್ದೆ, ಇಂಗ್ಲಿಷಿನಲ್ಲಿ ಒಂದು ಸಲ, ತಲೆಗೆ ಹತ್ತಲೆಂದು ಕನ್ನಡದಲ್ಲಿ ಒಂದು ಸಲ. ಹಿಡಿದವನಿಗೆ ಯಾಕೆ ಹಿಡಿದೆವೆಂದು ಹೇಳಬೇಕು. ಇಪ್ಪತ್ತನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ. ಹೆಂಗಸಿನ ಮೈ ಶೋಧಿಸುವುದಿದ್ದರೆ ಹೆಂಗಸೇ ಶೋಧಿಸಬೇಕು, ಅದೂ ಮರ್ಯಾದೆಗೆ ಕುಂದು ಬಾರದಂತೆ. ಉಣ್ಣಲು ಕೂತ ಸಂಗಪ್ಪ, “ಏ ಫೌಜದಾರಾ, ಎರಡನೇ ಸಲ ಪಲ್ಯಾ ಕೇಳೂ ಹಕ್ಕು ಯಾವ ಕಲಮಿನಾಗ ಐತೋ?” ಎಂದು ಕೇಳಿದ. “ಅದು ದೊಡ್ಡವ್ವನ ಮರ್ಜಿ, ಅದಕ್ಕ ಅಪೀಲಿಲ್ಲ,” ಎಂದೆ ನೀನು. ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ. ಎಷ್ಟು ಹಿಗ್ಗಿದೆನೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅದೇ ಮಧ್ಯಾಹ್ನ ಪೊಲೀಸ್ ಚೌಕಿಯ ಜಮಾದಾರ ಬಂದ. ಎದುರು ಚಾಳಿನ ವಾರಿಜಾ ಕಳ್ಳ ಸಾರಾಯಿ ಇಟ್ಟಿದ್ದಾಳೆಂದು ಖಬರು ಬಂದಿದೆ, ಅವಳ ಮೈ ಶೋಧಿಸಲು ಒಬ್ಬ ಹೆಂಗಸು ಬೇಕು, ಫೌಜದಾರನ ಮನೆಯವರಿಗಿಂತ ನಂಬಿಕೆಯವರು ಯಾರು ಎಂದ. ವಾರಿಜಾ ಉಡುಪಿ ಕಡೆಯವಳು, ಗಂಡ ಸತ್ತ ಮೇಲೆ ಗಿರಣಿಯಲ್ಲಿ ನೂಲು ಸುತ್ತುವ ಖಾತೆಗೆ ಸೇರಿದವಳು. ನನಗೂ ಅವಳಿಗೂ ಅಷ್ಟಕ್ಕಷ್ಟೇ. ನಲ್ಲಿಯ ಹತ್ತಿರ ಕೊಡಕ್ಕಾಗಿ ಎಷ್ಟು ಸಲ ಜಗಳವಾಗಿದೆಯೆಂದು ನಿನಗೂ ಗೊತ್ತು. ಸಿಗಲಿ ಇವತ್ತು ಎಂದುಕೊಂಡೇ ಹೋದೆ, ಸುಳ್ಳು ಯಾಕೆ ಹೇಳಲಿ. ಅವಳ ಕೋಣೆಯ ಮೂಲೆಯಲ್ಲಿ ಸೀರೆ ಅಡ್ಡ ಕಟ್ಟಿದೆವು. ಅವಳು ಎರಡೂ ಕೈ ಎತ್ತಿ ನಿಂತಳು. “ಸರಿ ಮಾಡಿ ನೋಡಿ ಅಕ್ಕ, ಮತ್ತೆ ಅದುಂಟು ಇದುಂಟು ಹೇಳ್ಬೇಡಿ. ನನ್ನ ಹತ್ರ ಎಂತ ಉಂಟು ಮಾರಾಯ್ರೆ?” ಎಂದಳು. ಸರಿಯಾಗಿಯೇ ನೋಡಿದೆ. ಸೊಂಟದಲ್ಲಿ ಒಂದು ಕೀಲಿಕೈ, ಎಲೆ ಅಡಿಕೆಯ ಸಂಚಿ. ಮತ್ತೇನೂ ಇರಲಿಲ್ಲ. ಹೊರಗೆ ಬಂದು ಹಾಗೇ ಹೇಳಿದೆ. ಅವರು ಕೋಣೆಯೆಲ್ಲ ಕೆದರಿದರು, ಅಲ್ಲಿಯೂ ಏನೂ ಸಿಗಲಿಲ್ಲ. ಎರಡನೆಯ ಪಂಚನಾಗಿ ಸಾಕ್ಷಿಗೆ ಬಂದ ಪಾನಪಟ್ಟಿಯವನು ಒಳಗೆ ಕಾಲೇ ಇಡಲಿಲ್ಲ, ಹೊರಗೆ ಬೀಡಿ ಸೇದುತ್ತಿದ್ದ.

ಆಮೇಲೆ ಜಮಾದಾರ ಪಂಚನಾಮೆಯ ಕಾಗದ ತೆಗೆದ. ಮೇಲೆ ಎರಡು ಸಾಲು ಮರಾಠಿ, ಕೆಳಗೆಲ್ಲ ಖಾಲಿ. “ಮಾವಶಿ, ಇಕಡೆ ಅಂಗಠಾ,” ಎಂದು ಹೆಬ್ಬೆಟ್ಟೊತ್ತಲು ಮಸಿಯ ಡಬ್ಬಿ ಮುಂದೆ ಮಾಡಿದ. “ಅಂಗಠಾ ನಿಮ್ಮವ್ವ ಒತ್ತಲಿ, ನಾ ಸಹೀ ಮಾಡಾಕಿ,” ಎಂದೆ. ಆದರೂ ಖಾಲಿ ಜಾಗ ನೋಡಿ ಕೈ ತಡೆಯಿತು. ನೀನು ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದೆ. ನಿನ್ನ ಮುಖ ನೋಡಿದೆ. “ಹಾಕ ದೊಡ್ಡವ್ವಾ, ಚೌಕಿಗೆ ಹೋಗಿ ಬರಕೋತಾರ. ಎಲ್ಲಾ ಕಡೆ ಹಿಂಗ ನಡೀತದ. ನಾಳೆ ನಾನೂ ಇವರ ಕೂಡನ ಕೆಲಸ ಮಾಡಾಂವ,” ಎಂದೆ ನೀನು. ಕಾನೂನು ಕಲಿತವನು ಹೇಳುತ್ತಿದ್ದಾನೆಂದು ನನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಲ್ಲ ಕೂಡಿಸಿ ದುಂಡಗೆ ಬರೆದೆ. ಏನೂ ಸಿಗದಿದ್ದರೂ ಅವಳನ್ನು ಕರೆದುಕೊಂಡು ಹೋದರು. ಕೋರ್ಟಿಗೆ ಒಯ್ದದ್ದು ಮೂರನೆಯ ದಿನ. ನಿನ್ನ ಇಪ್ಪತ್ತನಾಲ್ಕು ತಾಸು ಎಲ್ಲಿಗೆ ಹೋಯಿತೋ ಎಂದು ಕೇಳಿದರೆ, “ಹಬ್ಬದ ಸೂಟಿ ಇತ್ತು, ನಿನಗ ತಿಳಿಯೂದಿಲ್ಲ ಬಿಡು,” ಎಂದು ಹೇಳಿ ನೀನು ನಾಸಿಕದ ಗಾಡಿ ಹತ್ತಿದೆ.

ದೀಪಾವಳಿಯ ಮೊದಲು ವಾರಿಜಾಳ ವಕೀಲರು ಆ ಕಾಗದದ ನಕಲು ಹಿಡಿದು ಖಾನಾವಳಿಗೇ ಬಂದರು. ಕನ್ನಡ ಸಾಲೆಯ ಚನ್ನಬಸಯ್ಯ ಮಾಸ್ತರರು ಅಲ್ಲೇ ಇದ್ದರು, ಅವರಿಂದ ಓದಿಸಿದೆ. ವಾರಿಜಾ ಸೀರೆಯೊಳಗೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಎರಡು ಬಾಟಲಿ ಸಾರಾಯಿಯನ್ನು ರಾಚವ್ವ ಎಂಬವರು ತಮ್ಮ ಕೈಯಿಂದ ತೆಗೆದು ಪಂಚರ ಸಮಕ್ಷಮ ಕೊಟ್ಟರಂತೆ. ಕೆಳಗೆ ನನ್ನ ದುಂಡನೆಯ ಸಹಿ. ಮಾಸ್ತರರು ಕನ್ನಡಕ ತೆಗೆದು ನನ್ನ ಕಡೆ ನೋಡಿ, ಕಾಗದ ಮಡಿಚಿ ವಕೀಲರ ಕೈಗೆ ಕೊಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಾಳಿನ ಹಿಂದೆ ಸಾರಾಯಿ ಕಾಸುತ್ತಾರೆಂದು ಶ್ರಾವಣದಲ್ಲಿ ಚೌಕಿಗೆ ಹೋಗಿ ಕೂಗಾಡಿದವಳು ಇದೇ ವಾರಿಜಾ. ಜಮಾದಾರನಿಗೆ ಅದರ ಸಿಟ್ಟು. ಆ ಭಟ್ಟಿ ಇವತ್ತಿಗೂ ಉರಿಯುತ್ತಿದೆ, ವಾಸನೆ ನನ್ನ ಅಡಿಗೆಮನೆಗೆ ಬರುತ್ತದೆ. ಅವಳಿಗೆ ಮಾತ್ರ, ಕೇಸು ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಶಿಕ್ಷೆಯಾದರೆ ಜೇಲು, ಗಿರಣಿಯ ಕೆಲಸ ಹೋಯಿತೆಂದೇ ಲೆಕ್ಕ. ಆ ಕಾಗದಕ್ಕೆ ಬಲ ಬಂದದ್ದು ನನ್ನ ಸಹಿಯಿಂದ.

ನೀನು ಹಾಕಿದ ಹೆದರಿಕೆಯ ಮಾತನ್ನೂ ವಕೀಲರಿಗೆ ಕೇಳಿದೆ. ಪಂಚನಾಮೆ ಪ್ರಮಾಣ ಮಾಡಿ ಹೇಳಿದ್ದಲ್ಲವಂತೆ. ಪ್ರಮಾಣ ಮಾಡುವುದು ಕೋರ್ಟಿನ ಕಟಕಟೆಯಲ್ಲಿ ನಿಂತಾಗ, ಅಲ್ಲಿ ಕಂಡದ್ದನ್ನು ಕಂಡಂತೆ ಹೇಳಿದರೆ ನನ್ನನ್ನು ಯಾರೂ ಒಳಗೆ ಹಾಕುವುದಿಲ್ಲವಂತೆ. ಪ್ರಮಾಣ ಮಾಡಿ ಕಾಣದ ಬಾಟಲಿ ಕಂಡೆನೆಂದರೆ ಅದೇ ಸುಳ್ಳು ಸಾಕ್ಷಿ. ಇದು ನಿನಗೆ ಗೊತ್ತಿಲ್ಲವೆಂದಾದರೆ ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಬಾ, ತರಕಾರಿ ಹೆಚ್ಚಲು ಆಳು ಬೇಕಾಗಿದೆ. ಗೊತ್ತಿದ್ದೂ ಬರೆದಿದ್ದರೆ, ಆ ಜಮಾದಾರ ಓದಿಲ್ಲದ ಖದೀಮ, ನೀನು ಓದಿದ ಖದೀಮ. ಪುಸ್ತಕದಲ್ಲಿರುವುದನ್ನು ನನ್ನ ಒಲೆಯ ಮುಂದೆ ಮಂತ್ರದ ಹಾಗೆ ಹೇಳಿದೆಯಲ್ಲ, ಅದನ್ನು ಬರೆದವರು ಯಾರಿಗಾಗಿ ಬರೆದರೆಂದುಕೊಂಡೆ? ನಿನಗೆ ಅಂಕ ಬರಲಿ ಎಂದೇ? ಕೈ ಎತ್ತಿ ನಿಂತಿದ್ದಳಲ್ಲ ಆ ಹೆಂಗಸು, ಅವಳಿಗಾಗಿ. ಆ ಪಾಠ ರೊಟ್ಟಿ ಬಡಿಯುತ್ತ ಕೇಳಿದ ನನಗೆ ತಿಳಿಯಿತು, ಬಾಯಿಪಾಠ ಮಾಡಿದ ನಿನಗೆ ತಿಳಿಯಲಿಲ್ಲ.

ಮಂಗಳವಾರ ಹೋಗುತ್ತೇನೆ. ಬಾಟಲಿ ಇರಲಿಲ್ಲ ಎನ್ನುತ್ತೇನೆ, ಕಾಗದ ಖಾಲಿ ಇತ್ತು ಎನ್ನುತ್ತೇನೆ. ಖಾಲಿ ಕಾಗದಕ್ಕೆ ಸಹಿ ಹಾಕೆಂದು ಹೇಳಿದವರು ಯಾರು ಎಂದು ಕೇಳಿದರೆ ಏನು ಮಾಡಲಿ? ಜಮಾದಾರನ ಹೆಸರು ಹೇಳಿ ಸುಮ್ಮನಾಗಬಹುದು. ಅದು ಅರ್ಧ ನಿಜ. ಉಳಿದರ್ಧಕ್ಕೆ ನಾಲಿಗೆ ಏಳುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಎರಡು ದಿನದಿಂದ ರೊಟ್ಟಿ ಸೀಯುತ್ತಿವೆ, ಉಣ್ಣುವವರು ಸುಮ್ಮನೆ ಉಂಡು ಹೋಗುತ್ತಾರೆ, ಸಂಗಪ್ಪ ಕೂಡ. ಇನ್ನೊಂದು ಕಾಗದ ಬರೆದು ನನ್ನನ್ನು ಮೆತ್ತಗೆ ಮಾಡಲು ನೋಡಬೇಡ.

ಚಳಿಯಲ್ಲಿ ಬರಿಗಾಲಲ್ಲಿ ತಿರುಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಚೆನ್ನಾಗಿರು ಎಂದು ಬರೆಯಲು ಇವತ್ತು ಮನಸ್ಸಿಲ್ಲ, ಆದರೂ ಚೆನ್ನಾಗಿರು.

ನಿನ್ನ ದೊಡ್ಡವ್ವ,
ರಾಚವ್ವ

ತಾ. ಕ. ಮಂಗಳವಾರ ಸಂಜೆ. ರವಿವಾರ ಬರೆದದ್ದನ್ನು ಅಂಚೆಗೆ ಹಾಕಲು ಧೈರ್ಯವಾಗಿರಲಿಲ್ಲ, ಈಗ ಹಾಕುತ್ತಿದ್ದೇನೆ. ಬೆಳಿಗ್ಗೆ ಕೋರ್ಟಿನ ಪಡಸಾಲೆಯಲ್ಲಿ ವಾರಿಜಾ ನನ್ನ ಪಕ್ಕದಲ್ಲಿ ಬಂದು ಕೂತಳು. “ನಿಮ್ಮ ಹುಡುಗನ ಹೆಸರು ನಾನು ವಕೀಲರಿಗೆ ಹೇಳ್ಲಿಲ್ಲ ಅಕ್ಕ. ಅವನ ಕೆಲಸ ಹೋದ್ರೆ ನನಗೆ ಎಂತ ಸಿಗ್ತದೆ?” ಎಂದಳು. ಅವತ್ತು ನೀನು ಸಹಿ ಹಾಕೆಂದದ್ದನ್ನು ಸೀರೆಯ ಮರೆಯಿಂದ ಕೇಳಿಸಿಕೊಂಡಿದ್ದಳು, ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಅದಾದ ಮೇಲೆ ಬಚ್ಚಿಡುವುದು ನನ್ನಿಂದಾಗಲಿಲ್ಲ. ಬಾಟಲಿ ಇರಲಿಲ್ಲವೆಂದೊಡನೆ ಸರಕಾರಿ ವಕೀಲ ನನ್ನ ಮೇಲೆ ಎಗರಿ ಬಿದ್ದ. ಯಾರು ಹೇಳಿದರೆಂದು ಸಹಿ ಹಾಕಿದಿರಿ ಎಂದು ಮ್ಯಾಜಿಸ್ಟ್ರೇಟರೇ ಕೇಳಿದರು. ನಿನ್ನ ಹೆಸರು ಹೇಳಿದೆ, ನಾಸಿಕದಲ್ಲಿ ಕಾನೂನು ಕಲಿಯುತ್ತಿದ್ದಾನೆ ಎಂದೂ ಹೇಳಿದೆ. ಕೆಲವರು ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ, ಬರೆದುಕೊಂಡರು. ವಾರಿಜಾಳನ್ನು ಬಿಟ್ಟರು. ಕೋರ್ಟಿನಿಂದ ನಿನ್ನ ತರಬೇತಿ ಶಾಲೆಗೆ ಕಾಗದ ಹೋಗುತ್ತದಂತೆ. ಅದಕ್ಕಿಂತ ಮುಂಚೆ ಇದು ತಲುಪಲೆಂದು ಸಂಗಪ್ಪನ ಕೈಯಲ್ಲಿ ಸ್ಟೇಶನ್ನಿನ ಅಂಚೆಡಬ್ಬಿಗೆ ಕಳಿಸುತ್ತಿದ್ದೇನೆ. ಓದಿದ ಕೂಡಲೇ ನಿನ್ನ ಸಾಹೇಬರ ಮುಂದೆ ಹೋಗಿ ನಿಂತು ನೀನೇ ಹೇಳು, ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದು ಬೇಡ. ಹೇಳುವಾಗ ನನ್ನನ್ನು ಉಳಿಸಲು ಹೋಗಬೇಡ. ಸಹಿ ಹಾಕಿದವಳು ನಾನೇ.